ಹಗ್ಗ ಬೇಡದ ರಂದಾ

ಯಾರಾದರೂ "ನಾಲ್ಕು ದಿನ ಹಿಡಿ" ಅಂದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ನಮ್ಮವರು, ಅಂದರೆ ನನ್ನ ಗಂಡ, ಹಾಗಂದು ನನ್ನ ಕೈಗೆ ಹಗ್ಗ ಕೊಟ್ಟದ್ದು ಎಂಬತ್ತರ ದಶಕದ ನಡುವಿನಲ್ಲಿ. ಆ ನಾಲ್ಕು ದಿನ ಮುಗಿಯುವುದಕ್ಕೆ ಒಂಬತ್ತು ವರ್ಷ ಹಿಡಿಯಿತು.

ಹಗ್ಗ ಅಂದರೆ ರಂದಾದ ಹಗ್ಗ. ಈಗ ಎಲ್ಲ ಕಡೆ ಕರೆಂಟಿನ ಮಷಿನ್ನೇ ಇರುವುದರಿಂದ ಬಿಡಿಸಿ ಹೇಳಬೇಕು. ಹಲಗೆಯ ಮೈ ಹೆರೆದು ನುಣುಪು ಮಾಡುವ ಸಾಧನ ರಂದಾ. ನಮ್ಮಲ್ಲಿ ಆಗ ಇದ್ದದ್ದು ಮರದ್ದು. ಮೊಳ ಉದ್ದದ ಕೊರಡು, ನಡುವೆ ಓರೆಯಾಗಿ ಕೂತ ಕಬ್ಬಿಣದ ಅಲಗು. ದೊಡ್ಡ ಹಲಗೆಯಾದರೆ ಒಬ್ಬರ ಬಲ ಸಾಲುವುದಿಲ್ಲ. ಅದಕ್ಕೆ ಮುಂದುಗಡೆ ಅಡ್ಡ ಗೂಟ, ಗೂಟಕ್ಕೆ ಹಗ್ಗ. ಹಿಂದಿನಿಂದ ಬಡಿಗ ನೂಕಬೇಕು, ಮುಂದಿನಿಂದ ಇನ್ನೊಬ್ಬರು ಎಳೆಯಬೇಕು. ಕಲಬುರಗಿಯ ಬ್ರಹ್ಮಪುರದ ನಮ್ಮ ಮನೆಯ ಪಡಸಾಲೆಯೇ ನಮ್ಮವರ ಕಾರ್ಖಾನೆ. ಅಲ್ಲಿ ಎಳೆಯಲು ಒಬ್ಬ ಆಳಿದ್ದ. ಅವನಿಗೆ ಕಲ್ಲಿನ ಗಣಿಯಲ್ಲಿ ಕೆಲಸ ಸಿಕ್ಕಿ ಹೋದ ಮರುದಿನ, ಒಳಗೆ ರೊಟ್ಟಿ ಬಡಿಯುತ್ತಿದ್ದ ನನ್ನನ್ನು ಕರೆದು, "ಹೊಸ ಆಳು ಸಿಗೂತನಕ ನಾಲ್ಕು ದಿನ ಹಿಡಿ" ಅಂದರು. ಹಿಟ್ಟಿನ ಕೈಯಲ್ಲೇ ಹಿಡಿದೆ. ಹೊಸ ಆಳನ್ನು ಆಮೇಲೆ ಯಾರೂ ಹುಡುಕಲಿಲ್ಲ.

ನಾನು ಕಟ್ಟಿಗೆಯ ಗಂಧವೇ ಗೊತ್ತಿಲ್ಲದವಳಾಗಿದ್ದರೆ ಸುಮ್ಮನಿರುತ್ತಿದ್ದೆನೇನೋ. ಹುಟ್ಟಿದ್ದು ಕಮಲಾಪುರದಲ್ಲಿ, ಬಡಿಗರ ಮನೆಯಲ್ಲೇ. ಅಪ್ಪ ಕೂರಿಗೆ, ಬಂಡಿಯ ಗಾಲಿ, ಮಂಚ ಮಾಡುತ್ತಿದ್ದರು. ಅಣ್ಣ ಅಲಗು ಮಸೆದರೆ ಅಂಚು ಸೊಟ್ಟಗಾಗುತ್ತದೆಂದು ಮಸೆಯುವ ಕೆಲಸ ನನಗೆ ಕೊಟ್ಟರು. ಮಸೆದವಳೇ ಹೆರೆದು ನೋಡಲಿ ಎಂದು ಒಂದು ಸಣ್ಣ ರಂದಾವನ್ನೂ ಕೊಟ್ಟರು. ಹಲಗೆ ಮುಟ್ಟಿ ಅದರ ನಾರಿನ ಎಳೆ ಯಾವ ಕಡೆ ಮಲಗಿದೆ ಎಂದು ಹೇಳುವುದು ನನಗೆ ಅಕ್ಷರಕ್ಕಿಂತ ಮೊದಲು ಬಂದಿತ್ತು. ಮದುವೆಯಾಗಿ ಬ್ರಹ್ಮಪುರಕ್ಕೆ ಬಂದ ವಾರದಲ್ಲೇ, ಅಲಗು ಮಸೆಯಲು ಹೋದ ನನ್ನನ್ನು ನಮ್ಮವರು ತಡೆದು, "ಹೆಣ್ಮಕ್ಕಳು ಹತಾರ ಮುಟ್ಟಿದ್ರ ನೋಡಿದವರು ಏನಂತಾರ?" ಅಂದರು. ಉಳಿ, ರಂದಾ ಹತಾರ, ಹಗ್ಗ ಮಾತ್ರ ಹತಾರವಲ್ಲವಂತೆ. ಒಂಬತ್ತು ವರ್ಷ ಓಣಿಯವರೆಲ್ಲ ನೋಡಿದರು, ಯಾರೂ ಏನೂ ಅನ್ನಲಿಲ್ಲ.

ನನ್ನ ಆಸೆ ದೊಡ್ಡದೇನಲ್ಲ. ಆ ಹಗ್ಗ ನನ್ನ ಕೈಯಿಂದ ಹೋಗಬೇಕು, ಅದರ ಜಾಗಕ್ಕೆ ರಂದಾ ಬರಬೇಕು. ಇಷ್ಟೇ.

ಒಮ್ಮೆ ನಮ್ಮವರು ಯಾವುದೋ ಆಫೀಸಿನ ಕಪಾಟಿನ ಕೆಲಸಕ್ಕೆ ಹೋದವರು ಕಣ್ಣು ಅಗಲ ಮಾಡಿಕೊಂಡು ಬಂದರು. ಅಲ್ಲಿ ಹೈದರಾಬಾದಿನಿಂದ ಬಂದ ಬಡಿಗನೊಬ್ಬನ ಹತ್ತಿರ ಕಬ್ಬಿಣದ ರಂದಾ ಇತ್ತಂತೆ. "ಪೂರಾ ಕಬ್ಬಿಣ. ಒಬ್ಬನ ನಿಂತು ನೂಕ್ತಾನ ನೋಡು, ಕಟ್ಟಿಗಿ ಹಾಳಿ ಹಂಗ ಎದ್ದು ಬರ್ತದ" ಅಂದರು. ಅವರು ಅಲಗು, ತಿರುಪು, ಹಿತ್ತಾಳೆಯ ಗಾಲಿ ಎಂದು ಏನೇನೋ ಹೇಳುತ್ತಿದ್ದರು. ನನಗೆ ಕೇಳಿಸಿದ್ದು 'ಒಬ್ಬನ', ಅಂದರೆ ಒಬ್ಬನೇ, ಎಂಬ ಒಂದೇ ಮಾತು.

"ಅದು ಬಂದ್ರ ಎಳಿಯೂದು ಇರೂದಿಲ್ಲೇನ್ರಿ?" ಅಂತ ಕೇಳಿದೆ.

"ಒಬ್ಬನ ಅಂದೆನಲ್ಲ. ಎಷ್ಟು ಸಲ ಹೇಳಬೇಕು?" ಅಂದರು.

ನೆಹರು ಗಂಜಿನ ಮಾರುಕಟ್ಟೆಯ ಬದಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಹೇಳಿಟ್ಟು ಬಂದದ್ದಾಯಿತು. ಮುಂದಿನ ವಾರ ಬರುತ್ತದೆ ಅಂದವನು ನಾಲ್ಕು ತಿಂಗಳು ಕಾಯಿಸಿದ. ಆ ನಾಲ್ಕು ತಿಂಗಳು ದಿನಾ ಸಂಜೆ ನಮ್ಮ ಪಡಸಾಲೆಯಲ್ಲಿ ಸಭೆ. ಹಿಂದಿನ ಓಣಿಯಲ್ಲಿ ಒಬ್ಬ ಹಿರಿಯ ಬಡಿಗರಿದ್ದರು, ಎಲ್ಲರೂ ಕಾಕಾ ಅನ್ನುತ್ತಿದ್ದರು, ಆ ಸಭೆಗೆ ಅವರೇ ಅಧ್ಯಕ್ಷರು. ಕಬ್ಬಿಣ ಕಟ್ಟಿಗೆಯ ಮೇಲೆ ಜಾರೀತೇ, ನಮ್ಮ ಊರಿನ ಬೇಸಿಗೆಗೆ ಕಾದು ಕೈ ಸುಟ್ಟೀತೇ, ಮಳೆಗಾಲದಲ್ಲಿ ತುಕ್ಕು ಹಿಡಿದೀತೇ, ಕೆಳಗೆ ಬಿದ್ದರೆ ಒಡೆದೀತೇ. ಕಣ್ಣಿಂದ ನೋಡದ ವಸ್ತುವಿನ ಬಗ್ಗೆ ಅವರಿಗಿದ್ದ ಜ್ಞಾನ ಕೇಳಬೇಡಿ. ಚಹಾ ಕೊಡುತ್ತಿದ್ದವಳು ನಾನು. ಹಗಲೆಲ್ಲ ರಂದಾದ ಒಂದು ತುದಿಯಲ್ಲಿ ಇರುತ್ತಿದ್ದವಳೂ ನಾನೇ. ನಿನಗೆ ಏನನ್ನಿಸುತ್ತದೆ ಎಂದು ಒಬ್ಬರಾದರೂ ಕೇಳಲಿಲ್ಲ. ಆದರೂ ನನಗೆ ಆ ದಿನಗಳಲ್ಲಿ ಸಿಟ್ಟು ಬರುತ್ತಿರಲಿಲ್ಲ. ಇನ್ನೇನು ಹಗ್ಗ ಹೋಗುತ್ತದಲ್ಲ ಎಂದು ಒಳಗೊಳಗೇ ಹಿಗ್ಗಿಕೊಂಡಿದ್ದೆ. ಬರುವ ರಂದಾಕ್ಕೆ ದಪ್ಪ ಬಟ್ಟೆಯ ಚೀಲ ಕೂಡ ಹೊಲಿದಿಟ್ಟೆ, ಹುಚ್ಚಿಯ ಹಾಗೆ.

ಒಂದು ಬೆಳಿಗ್ಗೆ ನಮ್ಮವರು ಸೈಕಲ್ಲಿನ ಹ್ಯಾಂಡಲ್ಲಿಗೆ ಟವೆಲ್ಲಿನ ಗಂಟು ಕಟ್ಟಿಕೊಂಡು ಬಂದರು. ಅವರಿಗಿಂತ ಮೊದಲೇ ಕಾಕಾ ಬಂದು ಕೂತಿದ್ದರು. ಓಣಿಯ ಇನ್ನಿಬ್ಬರು ಬಡಿಗರೂ ಕೆಲಸ ಬಿಟ್ಟು ಬಂದರು. ಗಂಟು ಬಿಚ್ಚಿದರೆ ರಟ್ಟಿನ ಡಬ್ಬಿ, ಡಬ್ಬಿಯೊಳಗೆ ಎಣ್ಣೆಕಾಗದ, ಕಾಗದದೊಳಗೆ ಗ್ರೀಸು ಮೆತ್ತಿದ ರಂದಾ. ಸೀಮೆಎಣ್ಣೆಯ ಬಟ್ಟೆಯಲ್ಲಿ ಒರೆಸಿ ಮಣೆಯ ಮೇಲಿಟ್ಟು ಅರಿಶಿಣ ಕುಂಕುಮ ಹಚ್ಚಿದರು. ಅದರ ತಳ ಕನ್ನಡಿಯಂತೆ ಹೊಳೆಯುತ್ತಿತ್ತು. ಹಿಂದೆ ಒಂದು ಹಿಡಿಕೆ, ಮುಂದೆ ಬುಗುರಿಯಂಥ ಮರದ ಗುಂಡು ಹಿಡಿಕೆ, ಅಲಗಿನ ಬೆನ್ನಿಗೆ ಪುಟ್ಟ ಹಿತ್ತಾಳೆ ಗಾಲಿ. ಒಬ್ಬೊಬ್ಬರೇ ಎತ್ತಿ ನೋಡಿದರು. ಒಬ್ಬರು ಕೂಸನ್ನು ಎತ್ತಿದಂತೆ ಎತ್ತಿ, "ಅಬಬಬ, ಭಾರಿ ವಜ್ಜಿ ಅದ" ಅಂದರು. ಇನ್ನೊಬ್ಬರು ಮೂಸಿ ನೋಡಿದರು, ಯಾಕೆಂದು ದೇವರಿಗೇ ಗೊತ್ತು. ನನ್ನ ಕೈಗೆ ಬಂದದ್ದು ಖಾಲಿ ಡಬ್ಬಿ.

ಡಬ್ಬಿಯ ಮುಚ್ಚಳದ ಮೇಲೆ ಒಂದು ಚಿತ್ರವಿತ್ತು. ಅಂಗಿಯ ತೋಳು ಮಡಚಿದ ಒಬ್ಬ ಮನುಷ್ಯ, ಒಂದು ಕೈ ಹಿಂದಿನ ಹಿಡಿಕೆಯ ಮೇಲೆ, ಇನ್ನೊಂದು ಮುಂದಿನ ಗುಂಡಿನ ಮೇಲೆ. ಆ ಚಿತ್ರವನ್ನು ನಾನು ದೇವರ ಪಟ ನೋಡಿದಂತೆ ನೋಡಿದೆ. ಅಷ್ಟರಲ್ಲಿ ಕಾಕಾ ಆ ಗುಂಡು ಹಿಡಿಕೆಯನ್ನು ಹಿಡಿದು ಅಲ್ಲಾಡಿಸಿ, "ಬರೋಬ್ಬರಿ ಅದ. ಇದು ಹಗ್ಗದ ಗೂಟ" ಅಂದರು.

ಎಲ್ಲರೂ ತಲೆಯಾಡಿಸಿದರು. ನಮ್ಮವರೂ ಆಡಿಸಿದರು. ಒಬ್ಬನೇ ನೂಕುವುದನ್ನು ತಮ್ಮ ಕಣ್ಣಾರೆ ನೋಡಿ ಬಂದ ಮನುಷ್ಯ! ನಾಲ್ಕು ತಿಂಗಳು ಅದನ್ನೇ ಹಾಡಿದ ಮನುಷ್ಯ! ಕಾಕಾ ಹೇಳಿದ ಮೇಲೆ ಮುಗಿಯಿತು. ನನ್ನ ಕಡೆ ತಿರುಗಿ, "ಏ, ಹಗ್ಗ ತೊಗೊಂಡು ಬಾ" ಅಂದರು.

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಮುಚ್ಚಳ ಅವರ ಮುಂದೆ ಹಿಡಿದೆ. "ಇಲ್ಲಿ ನೋಡ್ರಿ, ಒಬ್ಬನ ಇದ್ದಾನ. ಹಗ್ಗ ಎಲ್ಲದ ಇದರಾಗ?"

ಕಾಕಾ ಕನ್ನಡಕ ಏರಿಸಿ ಚಿತ್ರವನ್ನು ಚೆನ್ನಾಗಿ ನೋಡಿದರು. ಆಮೇಲೆ ನಕ್ಕು, "ಏ ತಂಗಿ, ಚಿತ್ರದಾಗ ಜಾಗಾ ಸಾಲಿಲ್ಲ. ಎಳಿಯೂವನನ್ನ ಬಿಟ್ಟಾರ" ಅಂದರು.

ಎಲ್ಲರೂ ನಕ್ಕರು. ನಮ್ಮವರು ಸ್ವಲ್ಪ ತಡವಾಗಿ ನಕ್ಕರು, ಆದರೆ ನಕ್ಕರು. ಅದನ್ನು ನಾನು ಇನ್ನೂ ಹೊಟ್ಟೆಗೆ ಹಾಕಿಕೊಂಡಿಲ್ಲ.

ಹಗ್ಗ ತಂದೆ. ಗುಂಡಿಗೆ ಬಿಗಿದರು. ಇಬ್ಬರ ಬಲವಿದೆಯಲ್ಲ ಎಂದು ಅಲಗನ್ನು ಮರದ ರಂದಾದಲ್ಲಿ ಇಳಿಸುವಷ್ಟೇ ಆಳಕ್ಕೆ ಇಳಿಸಿದರು. ಬಾಗಿಲಿಗೆಂದು ತಂದ ಸಾಗವಾನಿ ಹಲಗೆ ಕಾದಿತ್ತು. ನಾನು ಎಳೆದೆ, ಅವರು ನೂಕಿದರು. ಗುಂಡು ಎತ್ತರದಲ್ಲಿದ್ದರಿಂದ ಎಳೆದ ಕೂಡಲೇ ರಂದಾದ ಮೂತಿ ಕೆಳಗೆ ಬಗ್ಗಿ ಹಿಂಭಾಗ ಮೇಲೆದ್ದಿತು. ಅಲಗು ಹಲಗೆಗೆ ಕಚ್ಚಿ ಅಂಗೈ ಅಗಲದ ಚಕ್ಕೆ ಕಿತ್ತಿತು. "ಸೀದಾ ಎಳಿ" ಎಂದು ನನ್ನ ಮೇಲೆ ರೇಗಿದರು. ಎರಡನೆಯ ಸಲ ಇನ್ನೂ ಜೋರಾಗಿ ನೂಕಿದರು. ಖಟ್ಟೆಂದು ಗುಂಡು ಎರಡು ಹೋಳಾಗಿ, ನಾನು ಹಗ್ಗದ ಸಮೇತ ಹಿಂದಿನ ಗೋಡೆಗೆ ಹೋಗಿ ಬಡಿದೆ.

ಯಾರೂ ನನ್ನ ಬೆನ್ನು ನೋಡಲಿಲ್ಲ, ಗುಂಡು ನೋಡಿದರು. "ಹೆಣ್ಮಕ್ಕಳ ಕೈ. ಅಳತಿ ಇರೂದಿಲ್ಲ" ಅಂದರು ಕಾಕಾ. ಇನ್ನೊಬ್ಬರು, "ಮೊದಲ ಹೇಳಿದ್ದೆ, ಕಬ್ಬಿಣದ್ದು ನಮಗ ಆಗಿ ಬರೂದಿಲ್ಲ" ಅಂದರು. ಒಂದೇ ಉಸಿರಿನಲ್ಲಿ ತಪ್ಪು ನನ್ನದೂ ಆಯಿತು, ರಂದಾದ್ದೂ ಆಯಿತು. ನೂಕಿದವರದ್ದು ಮಾತ್ರ ಆಗಲಿಲ್ಲ.

ಆಮೇಲೆ ನಾನು ಮಾಡಿದ್ದು ಯೋಚಿಸಿ ಮಾಡಿದ್ದಲ್ಲ. ಹಗ್ಗ ಬಿಸಾಕಿ ಹಲಗೆಯ ಹತ್ತಿರ ಬಂದೆ. ಹಿತ್ತಾಳೆ ಗಾಲಿ ತಿರುಗಿಸಿ ಅಲಗನ್ನು ಮೇಲಕ್ಕೆ ತೆಗೆದುಕೊಂಡೆ, ತಳಕ್ಕೆ ಬೆರಳಾಡಿಸಿದರೆ ಉಗುರಿಗೆ ಇದ್ದೂ ಇಲ್ಲದಂತೆ ತಾಗುವಷ್ಟು. ಹಲಗೆಯನ್ನು ತಿರುವಿ ಹಾಕಿದೆ, ಎಳೆ ಈ ಕಡೆಯಿಂದ ಮಲಗಿತ್ತು. ಮುರಿದ ಗುಂಡಿನ ಮೊಳೆಗೆ ಸೆರಗು ಸುತ್ತಿ ಕೈಯೂರಿದೆ. ನೂಕಿದೆ. ಅದು ಗರಗರ ಅನ್ನಲಿಲ್ಲ, ಸುಯ್ಯೆಂದಿತು. ಹಲಗೆಯ ಈ ತುದಿಯಿಂದ ಆ ತುದಿಯವರೆಗೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳನೆಯ ಒಂದೇ ಸುರುಳಿ ಎದ್ದು ನನ್ನ ಮುಂಗೈ ಮೇಲೆ ಬಿತ್ತು. ಮದುವೆಯಾಗಿ ಬಂದು ಹನ್ನೆರಡು ವರ್ಷದ ಮೇಲೆ ನಾನು ಹೆರೆದ ಮೊದಲ ಹಲಗೆ ಅದು.

ಕಾಕಾ ಎದ್ದು ಚಪ್ಪಲಿ ಮೆಟ್ಟುತ್ತಾ, "ಹಗುರ ಕೆಲಸಕ್ಕ ನಡೀತದ" ಅಂದರು. ಹಗುರವಂತೆ! ಅದೇ ಹಲಗೆಯಿಂದ ಐದು ನಿಮಿಷದ ಹಿಂದೆ ಚಕ್ಕೆ ಕಿತ್ತು ಬಂದಿತ್ತು.

ಮರುದಿನ ನಮ್ಮವರು ಹುಣಸೆ ಕಟ್ಟಿಗೆಯಲ್ಲಿ ಹೊಸ ಗುಂಡು ಕೆತ್ತಿ ಕೂರಿಸಿದರು. ಒಬ್ಬರೇ ನಿಂತು ಹೆರೆದರು, ಚೆನ್ನಾಗಿಯೇ ಹೆರೆದರು. ವಾರದೊಳಗೆ ಕಾಕಾನಿಗೆ, "ಅಲಗು ಮ್ಯಾಲ ತೊಗೋಬೇಕು ಕಾಕಾ, ನಾ ಮಾಡಿ ನೋಡೀನಿ" ಎಂದು ಪಾಠ ಹೇಳುವುದನ್ನು ಒಳಗಿನಿಂದ ಕೇಳಿದೆ. ಒಳಗಿನಿಂದ, ಯಾಕೆಂದರೆ ಹಗ್ಗವನ್ನು ಗೋಡೆಯ ಗೂಟಕ್ಕೆ ನೇತುಹಾಕಿದ ದಿನವೇ ಅವರು ನನಗೆ, "ಇನ್ನ ನಿನಗ ಆರಾಮ. ಒಳಗ ಇರು" ಅಂದಿದ್ದರು. ಬಹಳ ಪ್ರೀತಿಯಿಂದಲೇ ಅಂದರು. ಕೆಟ್ಟವರಾಗಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಹಗ್ಗ ಹೋಯಿತು, ಅದರ ಹಿಂದೆ ನನ್ನನ್ನೂ ಕಾರ್ಖಾನೆಯಿಂದ ಕಳಿಸಿದರು. ಆದರೆ ಎಳೆ ತಿರುವಿದ ಹಲಗೆ ಬಂದಾಗ, "ಏ, ಇದು ಯಾ ಕಡಿಂದ ಹೆರೀಬೇಕು?" ಎಂದು ಅಲ್ಲಿಂದಲೇ ಕೂಗುತ್ತಿದ್ದರು. ನಾನು ಹೊಸ್ತಿಲಲ್ಲಿ ನಿಂತು ಹೇಳಬೇಕು, ತಿರುಗಿ ಒಲೆಯ ಮುಂದೆ ಹೋಗಬೇಕು. ಕಣ್ಣು ಬೇಕಿತ್ತು, ಕೈ ಬೇಡವಾಗಿತ್ತು.

ಒಂದು ತಿಂಗಳು ಸಹಿಸಿ ಕಮಲಾಪುರದ ಬಸ್ಸು ಹತ್ತಿದೆ. ದಾರಿಯ ನಡುವಿನ ಮಹಾಗಾಂವದವರೆಗೆ ನಿಂತೇ ಹೋದೆ, ಸಿಟ್ಟಿನಲ್ಲಿ ಕಾಲು ನೋಯುವುದು ಗೊತ್ತಾಗಲಿಲ್ಲ. ಅಪ್ಪ ಅಂಗಳದಲ್ಲಿ ಬಂಡಿಯ ಅಚ್ಚು ಕೆತ್ತುತ್ತಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಹೊಂದಿಕೊಂಡು ಹೋಗವ್ವ ಅನ್ನುತ್ತಾರೆಂದು ಜಗಳಕ್ಕೆ ಸಿದ್ಧವಾಗಿಯೇ ಕೂತಿದ್ದೆ. ಅವರು ಉಳಿ ಕೆಳಗಿಟ್ಟು, "ಅದು ಹೆಂಗದ?" ಅಂದರು.

"ಯಾವುದು?"

"ಆ ಕಬ್ಬಿಣದ ರಂದಾ. ನೀ ಹೆರದಿಯಲ್ಲ. ಕೈಗಿ ಹೆಂಗ ಹತ್ತತದ?"

ಹೇಳತೊಡಗಿದೆ. ಎತ್ತುವಾಗ ರಟ್ಟೆ ಸೋಲುತ್ತದೆ, ನೂಕುವಾಗ ಆ ತೂಕವೇ ಕೆಲಸ ಮಾಡುತ್ತದೆ. ಗಂಟು ಬಂದರೆ ಹಾರುವುದಿಲ್ಲ. ಅಂಗಡಿಯಿಂದ ಬಂದ ಅಲಗು ಇನ್ನೂ ಮಸೆಯಬೇಕು. ತಳ ಮೊದಲು ತಣ್ಣಗಿರುತ್ತದೆ, ನಾಲ್ಕು ಸಲ ಆಡಿಸಿದ ಮೇಲೆ ಬೆಚ್ಚಗಾಗುತ್ತದೆ. ಅಪ್ಪ ನಡುನಡುವೆ ಪ್ರಶ್ನೆ ಕೇಳುತ್ತಾ ಅರ್ಧ ತಾಸು ಕೂತು ಕೇಳಿದರು. ಬಡಿಗ ಬಡಿಗನನ್ನು ಕೇಳುವ ಹಾಗೆ ಕೇಳಿದರು. ಆಮೇಲೆ ಉಳಿ ಎತ್ತಿಕೊಳ್ಳುತ್ತಾ, "ಅವರದು ಬಂತು. ನಿಂದ್ಯಾವಾಗ ತರ್ತಿ?" ಅಂದರು.

ನಮ್ಮವರ ಮೇಲೆ, ಕಾಕಾನ ಮೇಲೆ, ಓಣಿಯ ಮೇಲೆ ಸಿಟ್ಟು ಮಾಡಿಕೊಂಡು ತಿರುಗಿದ ನನಗೆ ಈ ಪ್ರಶ್ನೆ ಒಂದು ದಿನವಾದರೂ ಹೊಳೆದಿರಲಿಲ್ಲ. ಅವರು ಕೊಡಲಿ ಎಂದು ಕಾದಿದ್ದೆ. ಆ ಹೊತ್ತು ನನ್ನ ಮೇಲೆಯೇ ಬಂದಷ್ಟು ಸಿಟ್ಟು ಯಾರ ಮೇಲೂ ಬಂದಿರಲಿಲ್ಲ.

ಎರಡು ದಿನ ಇದ್ದು ಕಲಬುರಗಿಗೆ ವಾಪಸು ಬಂದೆ. ಬಸ್ಸಿಳಿದು ಮನೆಗೆ ಹೋಗಲಿಲ್ಲ, ನೇರ ಗಂಜಿನ ಆ ಅಂಗಡಿಗೆ ಹೋದೆ. ಓಣಿಯವರಿಗೆ ಕುಪ್ಪಸ ಹೊಲಿದು ಕೂಡಿಸಿಟ್ಟ ದುಡ್ಡು ಸೊಂಟದ ಚೀಲದಲ್ಲಿತ್ತು.

"ಕಬ್ಬಿಣದ ರಂದಾ ಒಂದು ತರಸ್ರಿ" ಅಂದೆ.

"ಮೊನ್ನಿನ ಒಯ್ದಾರಲ್ರೀ ನಿಮ್ಮ ಮನಿಯವರು? ಅವರಿಗಿ ಎರಡ್ಯಾಕ?"

"ಅವರಿಗಲ್ರಿ. ನನಗ."

ಅಂಗಡಿಯವನು ಮಜಾಕು ಎಂದುಕೊಂಡು ನಕ್ಕ. ಚೀಟಿ ತೆಗೆದು ನಮ್ಮವರ ಹೆಸರು ಬರೆದ. "ಮಾಲ್ ಬಂದ್ರ ಅವರಿಗಿ ಹೇಳಿ ಕಳಸ್ತೀನಿ" ಅಂದ.

"ಅದು ಹೊಡದು ಹಾಕ್ರಿ. ನನ್ನ ಹೆಸರು ಬರೀರಿ."

ಅವನ ಪೆನ್ನು ನಿಂತಿತು. ಮೊಳೆ, ತಿರುಪು, ಕೀಲು ಎಂದು ಅಷ್ಟು ವರ್ಷ ವಾರಕ್ಕೊಮ್ಮೆ ಅದೇ ಕಟ್ಟೆಯ ಮುಂದೆ ನಾನು ನಿಂತಿದ್ದೆ. ತುಕ್ಕಿನ ಮೊಳೆ ಕೊಟ್ಟರೆ ಈಕೆ ವಾಪಸು ತರುತ್ತಾಳೆ ಎಂಬುದೂ ಅವನಿಗೆ ಗೊತ್ತಿತ್ತು. ಒಂದು ಗಳಿಗೆ ನನ್ನ ಮುಖ ನೋಡಿ, "ಏನ್ರಿ ನಿಮ್ಮ ಹೆಸರು?" ಅಂದ.

ಹೇಳಿದೆ. ಗಂಜಿನ ಗದ್ದಲದಲ್ಲಿ ಅವನಿಗೆ ಕೇಳಿಸಲಿಲ್ಲ. ಎರಡನೆಯ ಸಲ ಪಕ್ಕದ ಅಂಗಡಿಯವರೂ ತಿರುಗಿ ನೋಡುವ ಹಾಗೆ ಹೇಳಿದೆ.