ಮಾರ್ತಾಂಡ ಮಾಸ್ತರರ ರಾಜ

ಪುಣೆ ಕ್ಯಾಂಪಿನ ಮನೆಮನೆಗೆ ಹೋಗಿ ಇಂಗ್ಲಿಷ್ ಸಾಹಿತ್ಯ ಹೇಳಿಕೊಡುವ ಮಾರ್ತಾಂಡ ಮಾಸ್ತರರು ಮೂವತ್ತು ವರ್ಷಗಳಿಂದ ಒಂದೇ ದುರಂತ ನಾಟಕದ ರಾಜನನ್ನು ಸಾಯಿಸುತ್ತ ಬಂದಿದ್ದಾರೆ, ಒಮ್ಮೆಯೂ ಅವಸರ ಮಾಡಿದವರಲ್ಲ. ಎಂಟು ವಾರದಲ್ಲಿ ಮುಗಿಯುವ ನಾಟಕ ಅವರ ಕೈಯಲ್ಲಿ ಏಳು ತಿಂಗಳು ಬದುಕುತ್ತದೆ. ರಾಣಿ, ಮಂತ್ರಿ, ದೂತ ಎಲ್ಲರ ಮಾತನ್ನೂ ತಾವೇ ಓದುತ್ತಾರೆ, ಸೈನ್ಯ ಬರುವಾಗ ಟೀಪಾಯಿ ಕುಟ್ಟುತ್ತಾರೆ, ಪ್ರತಿ ಪುಟಕ್ಕೂ "ತಿಳೀತಿಲ್ಲೋ? ಹಂಗಾರ ಬರಕೋ" ಎನ್ನುತ್ತಾರೆ. ತಾಸು ಮುಗಿದರೂ ಏಳುವುದಿಲ್ಲ, ಇನ್ನೊಂದು ಚಹಾ ಬಂದರೆ ಬೇಡವೆನ್ನುವುದಿಲ್ಲ. ಬಾಡಿಗೆ ಕೋಣೆಗೆ ಮರಳಿದರೆ ಮತ್ತೆ ಬಾಯಿ ತೆರೆಯಲು ಮರುದಿನದ ಪಾಠದವರೆಗೆ ಕಾಯಬೇಕು. ಈ ವರ್ಷದ ಶಿಷ್ಯೆ, ಹನ್ನೆರಡನೆಯ ಇಯತ್ತೆಯ ಮಂಜರಿ, ಮೊನ್ನೆ ಕೊನೆಯ ಅಂಕ ಓದುತ್ತಿರುವಾಗ ಕೇಳಿದಳು: "ಸರ್, ಈ ರಾಜಾ ಒಬ್ಬನ ನಿಂತು ಇಷ್ಟ್ಯಾಕ ಮಾತಾಡ್ತಾನ್ರಿ?" ಸ್ವಗತದ ಲಕ್ಷಣಗಳನ್ನು ಮಾಸ್ತರರು ನಿದ್ದೆಯಲ್ಲೂ ಹೇಳಬಲ್ಲರು. ಅಂದು ಮಾತ್ರ ಕನ್ನಡಕ ತೆಗೆದು, ಪುಸ್ತಕದ ಮೇಲಿಟ್ಟು, "ಕೇಳಾವ್ರು ಯಾರೂ ಇಲ್ಲ ನೋಡವಾ, ಅದಕ್ಕ" ಎಂದರು. ಮಂಜರಿ ಅದನ್ನು ದುಂಡಗೆ ಬರೆದುಕೊಂಡು ಕೆಳಗೊಂದು ಗೆರೆ ಎಳೆದಳು. "ಇದು ಎಷ್ಟು ಮಾರ್ಕಿಗೆ ಬರ್ತದ್ರಿ?" ಎಂದು ಕೇಳಿದಳು. ಮಾಸ್ತರರು ಕನ್ನಡಕವನ್ನು ಮತ್ತೆ ಏರಿಸಿಕೊಂಡರು. "ಎರಡು," ಎಂದರು.