ಪಂಚಾಯತಿಲ್ಲದ ಪ್ರೆಸಿಡೆಂಟರು

ಮೇಲೆ ಕರಿ ಕೋಟು, ಕೆಳಗೆ ಮೊಣಕಾಲಿನ ತನಕ ಹೊಳೆಯ ಕೆಸರು. ನಮ್ಮೂರಿನ ಪ್ರೆಸಿಡೆಂಟರೆಂದರೆ ನನ್ನ ಕಣ್ಣಿಗೆ ಮೊದಲು ಕಟ್ಟುವುದು ಇದೇ. ಪಂಚೆ ಎತ್ತಿ ಕಟ್ಟಿ ದೋಣಿಯನ್ನು ನೀರಿಗೆ ತಳ್ಳುವಾಗಲೂ ಅವರು ಕೋಟು ಕಳಚಿದವರಲ್ಲ. "ಕೋಟು ಪಂಚಾಯತಿನದ್ದು, ಕಾಲು ನನ್ನದು" ಎನ್ನುತ್ತಿದ್ದರು.

ನೇತ್ರಾವತಿಯ ಈಚೆ ದಡದ ನಮ್ಮ ಊರಿಗೆ ಮದ್ರಾಸಿನ ಕಾಲದಿಂದಲೂ ಸ್ವಂತ ಪಂಚಾಯತು ಇತ್ತು. ಇತ್ತು ಎಂದರೆ ಮುಳಿಹುಲ್ಲು ಹೊದೆಸಿದ ಒಂದು ಕೋಣೆ, ಒಂದು ಬೆಂಚು, ಒಂದು ದೋಣಿ. ಶಾಲೆ, ಸಂತೆ, ಹೆರಿಗೆ ಮಾಡಿಸುವ ನರ್ಸಮ್ಮ ಎಲ್ಲವೂ ಆಚೆ ದಡದಲ್ಲಿ. "ನಮ್ಮ ಪಂಚಾಯತು ಅಂದ್ರೆ ದೋಣಿ ಮಾರಾಯ್ರೆ, ಬಾಕಿದ್ದೆಲ್ಲ ಅಲಂಕಾರ" ಎಂದು ಅವರೇ ನಗುತ್ತಿದ್ದರು.

ನಾವು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷವಾಗಿತ್ತು. ಆದಾಯ ಸಾಲದ ನಮ್ಮ ಪಂಚಾಯತನ್ನು ಆಚೆ ದಡದ ದೊಡ್ಡ ಪಂಚಾಯತಿಗೆ ಸೇರಿಸುತ್ತಾರೆಂಬ ಸುದ್ದಿ ಬಂತು. ದೋಣಿ ನಿಂತರೆ ನಮ್ಮ ಗತಿಯೇನು ಎಂದು ಪ್ರೆಸಿಡೆಂಟರು ಬೆಳ್ತಂಗಡಿಯ ಕಚೇರಿಗೆ ನಡೆದೂ ನಡೆದೂ, ಕೊನೆಗೆ ಜನರ ತಕರಾರು ಕೇಳಲು ಒಬ್ಬ ಅಧಿಕಾರಿಯನ್ನು ಊರಿಗೇ ಕರೆತಂದರು. ಯಾರು ಏನು ಹೇಳಬೇಕೆಂದು ಮೊದಲೇ ಮಾತಾಗಿತ್ತು. ಮೊದಲು ಏಳಬೇಕಾದವರು ನನ್ನ ಅಪ್ಪ.

ಆದರೆ ಬಂದವರಿಗೆ ಬೆಲ್ಲ ನೀರು ಕೊಡದೆ ಮಾತೆತ್ತುವುದುಂಟೇ? ಅಧಿಕಾರಿ ಘಟ್ಟದ ಮೇಲಿನವರು, ಬಹಳ ಸಾಧು ಮನುಷ್ಯ. ಬೆಲ್ಲ ತಿಂದು ನೀರು ಕುಡಿದು, "ಸಭೆ ಶುರು ಮಾಡೋಣವೇ?" ಎಂದರು. "ಮೊದಲು ಊಟ, ಆಮೇಲೆ ಮಾತಾಡುವ" ಎಂದರು ಪ್ರೆಸಿಡೆಂಟರು. ಅವರ ಮನೆಯ ಚಾವಡಿಯಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಂಡೆವು. ಅಧಿಕಾರಿ ಪಾಯಸವನ್ನು ಬಾಯ್ತುಂಬ ಹೊಗಳಿದರು.

ಕೈ ತೊಳೆದು ಬಂದು, "ಈಗ ಹೇಳಿ, ಯಾರದಾದರೂ ತಕರಾರು ಇದೆಯೇ?" ಎಂದು ಕೇಳಿದರು. ಯಾರೂ ತುಟಿ ಬಿಚ್ಚಲಿಲ್ಲ. ಅಪ್ಪ ನೆಲ ನೋಡಿದರು. ಪ್ರೆಸಿಡೆಂಟರು ಒಬ್ಬೊಬ್ಬರ ಮುಖವನ್ನೂ ನೋಡಿದರು, ಬಾಯಿ ತೆರೆದರು, ಮುಚ್ಚಿದರು. ಜೊತೆಗೆ ಕೂತು ಉಂಡ ಅತಿಥಿಗೆ ಎದುರು ಮಾತಾಡುವುದು ಅವರ ಜಾಯಮಾನದಲ್ಲೇ ಇರಲಿಲ್ಲ. ತಕರಾರಿಲ್ಲವೆಂದು ಬರೆದುಕೊಂಡು ಅಧಿಕಾರಿ ಸಂತೋಷದಿಂದಲೇ ಹೋದರು.

"ಒಂದು ಮಾತು ಹೇಳಬಹುದಿತ್ತಲ್ಲ?" ಎಂದು ಅಮ್ಮ ಅಪ್ಪನನ್ನು ಕೇಳಿದಳು. "ಉಂಡ ಕೈ ಒಣಗುವ ಮೊದಲು ಜಗಳ ಮಾಡ್ಲಿಕ್ಕಾಗ್ತದಾ?" ಎಂದರು ಅಪ್ಪ. ಆಗ ಅಮ್ಮ ಬಸುರಿ.

ಪಂಚಾಯತು ಹೋಯಿತು. ದೋಣಿಯವನನ್ನು ಕೆಲಸದಿಂದ ಬಿಡಿಸಿದರು. ಮಳೆಗಾಲಕ್ಕೆ ಮುಂಚೆ, ಮರ ಬಿರಿಯದಂತೆ ದೋಣಿಗೆ ಮೀನೆಣ್ಣೆ ಬಳಿಯುವ ಕೆಲಸವನ್ನು ಯಾರಿಗೂ ಹೇಳಿ ಮಾಡಿಸಲಾಗಲಿಲ್ಲ. ಜಡಿಮಳೆಯ ಆಟಿ ತಿಂಗಳ ಒಂದು ಬೆಳಿಗ್ಗೆ ಅಮ್ಮನಿಗೆ ನೋವು ಕಾಣಿಸಿದಾಗ ಹೊಳೆ ಎರಡೂ ದಡ ನುಂಗಿತ್ತು. ನರ್ಸಮ್ಮನನ್ನು ಕರೆತರಲು ಪ್ರೆಸಿಡೆಂಟರು ಆ ಬಿರುಕು ಬಿಟ್ಟ ದೋಣಿಯನ್ನೇ ತಳ್ಳಿದರು. ಅವರು ಹುಟ್ಟು ಹಾಕುವುದು, ಅಪ್ಪ ನೀರು ಮೊಗೆದು ಚೆಲ್ಲುವುದು. ನರ್ಸಮ್ಮ ನಮ್ಮ ಅಂಗಳಕ್ಕೆ ಕಾಲಿಡುವಾಗ ಮಧ್ಯಾಹ್ನ ದಾಟಿತ್ತು. ಅಮ್ಮ ಉಳಿದಳು. ತಮ್ಮ ಉಳಿಯಲಿಲ್ಲ.

ಪ್ರೆಸಿಡೆಂಟರು ಒಳಗೆ ಬರಲಿಲ್ಲ. ಅಂಗಳದಲ್ಲೇ, ನೀರಿಳಿಯುವ ಕೋಟಿನಲ್ಲಿ ನಿಂತಿದ್ದರು. ಅಜ್ಜಿ ನನ್ನ ಕೈಯಲ್ಲಿ ಬೆಲ್ಲ ನೀರು ಕಳಿಸಿದಳು. ಅವರು ಲೋಟ ನೋಡಿದರು, ಮುಟ್ಟಲಿಲ್ಲ.

"ಬೇಡ ಮಗಳೇ. ಅದು ಕುಡಿದ್ರೆ ಮಾತು ನಿಲ್ತದೆ."

ಆಮೇಲೆ ಅವರು ಯಾರ ಮನೆಯಲ್ಲೂ ತೊಟ್ಟು ನೀರು ಮುಟ್ಟಲಿಲ್ಲ. ಕಚೇರಿಗೆ ನಡೆಯುವುದನ್ನು ಮಾತ್ರ ಬಿಡಲಿಲ್ಲ. ದೋಣಿ ದಡದಲ್ಲೇ ಗೆದ್ದಲು ಹಿಡಿದು ಹೋಯಿತು. ಮೂರು ಮಳೆಗಾಲದ ನಂತರ ಅವರೂ ಹೋದರು. ಪಂಚಾಯತು ಇಲ್ಲದಿದ್ದರೂ ಊರು ಅವರನ್ನು ಪ್ರೆಸಿಡೆಂಟರೆಂದೇ ಕರೆದು ಅತ್ತಿತು.

ಈಗಲೂ ಊರ ಕೆಲಸದ ವಿಷಯಕ್ಕೆ ಯಾವ ಅಧಿಕಾರಿ ಮನೆಗೆ ಬಂದರೂ ಅಂಗಳದಲ್ಲೇ ನಿಲ್ಲಿಸಿ, ಹೇಳಬೇಕಾದ್ದನ್ನೆಲ್ಲ ಮೊದಲು ಹೇಳಿ ಮುಗಿಸುತ್ತೇನೆ. ಈ ಹೆಂಗಸಿಗೆ ಮರ್ಯಾದೆ ಗೊತ್ತಿಲ್ಲ ಎನ್ನುತ್ತಾರೆ. ಅನ್ನಲಿ. ಬೆಲ್ಲ ನೀರು ಆಮೇಲೆ.