ಸೋಲಿನ ಬಗ್ಗೆ ಒಂದು ನೇರಪ್ರಸಾರ

ಬ್ರಹ್ಮಾವರದ ನಮ್ಮ ಸಣ್ಣ ಬಾನುಲಿ ಕೇಂದ್ರದಲ್ಲಿ ವಾರಕ್ಕೊಂದು ಸಂಜೆ ನೇರಪ್ರಸಾರದ ಮಾತುಕತೆ. ಒಂದು ವಾರ ಹಸಿವು, ಒಂದು ವಾರ ನಿದ್ದೆ, ಇನ್ನೊಂದು ವಾರ ದೇವರು. ವಿಷಯ ಯಾವುದಾದರೂ ಜನ ಮೀನು ಕೊಯ್ಯುತ್ತಾ ಕೇಳುತ್ತಾರೆ. ಆವತ್ತು ಅದನ್ನು ನಡೆಸಿಕೊಡುವ ಕೆಲಸ ಮೊದಲ ಸಲ ನನಗೆ ಸಿಕ್ಕಿತ್ತು. ಷರತ್ತು ಒಂದೇ, ಅಣಕು ಮಾಡುವಂತಿಲ್ಲ.

ಬೈಂದೂರು ಬಸ್ಸಿನ ಕಂಡಕ್ಟರನಿಂದ ಹಿಡಿದು ತಲ್ಲೂರಿನ ನಮ್ಮ ಚಿಕ್ಕಮ್ಮನವರೆಗೆ ನಾನು ಯಾರ ಸ್ವರವನ್ನೂ ಬಿಟ್ಟವನಲ್ಲ. ಕೇಂದ್ರ ನೋಡಿಕೊಳ್ಳುವ ಮೇಡಂ ಸ್ವರವನ್ನಂತೂ ಅವರು ಹಿಂದೆ ನಿಂತಿದ್ದಾಗಲೇ ತೆಗೆದಿದ್ದೆ.

“ಮಾಣಿ, ನಿನ್ನದೇ ಸ್ವರದಗೆ ಮಾತಾಡ್,” ಅಂದರು ಮೇಡಂ. “ಬೇರೆಯವ್ರ ಸ್ವರ ಒಂದ್ ಬಂದ್ರೂ, ಬಪ್ಪ ವಾರದಿಂದ ನೀನ್ ಮನೆಯಗೆ ಕೂಕಂಡ್ ರೇಡಿಯೋ ಕೇಂಬುದೇ.”

ನನ್ನ ಸ್ವರ ಯಾವುದೆಂದು ನನಗೇ ಖಾತ್ರಿಯಿರಲಿಲ್ಲ. ಬಳಸಿ ಬಹಳ ಕಾಲವಾಗಿತ್ತು.

ಅತಿಥಿ ಸಾಲಿಗ್ರಾಮದ ಕಡೆಯ ಹಿರಿಯ ಅರ್ಥಧಾರಿ. ತಾಳಮದ್ದಳೆಯಲ್ಲಿ ವೇಷ, ಕುಣಿತ ಯಾವುದೂ ಇಲ್ಲದೆ ಕೂತಲ್ಲೇ ರಾವಣನೋ ಕರ್ಣನೋ ಆಗಿ ಎದುರಿನವನನ್ನು ಮಾತಿನಲ್ಲೇ ಕೆಡವುವವರು. ವಿಷಯ, ಸೋಲು.

“ಸೋಲು ಅಂದರೇನು?” ಅಂತ ಕೇಳಿದೆ, ಅಷ್ಟೇ. ಅವರು ಶಾಲು ಸರಿಮಾಡಿಕೊಂಡರು. ಪ್ರೇಮದ ಸೋಲು, ಪಂಚಾಯಿತಿ ಚುನಾವಣೆಯ ಸೋಲು, ಅತ್ತೆಯೆದುರು ಸೊಸೆಯ ಸೋಲು, ಸೊಸೆಯೆದುರು ಅತ್ತೆಯ ಸೋಲು, ಒಂದನ್ನೂ ಉಳಿಸಲಿಲ್ಲ. ನಾನು ಬಾಯಿ ತೆರೆದರೆ, “ಎಂದೆಯಾದರೆ ಕೇಳು” ಅಂತ ನನ್ನನ್ನೇ ಎದುರಾಳಿ ಮಾಡಿಕೊಂಡು ಇನ್ನೊಂದು ಸುತ್ತು. ಗಾಜಿನಾಚೆ ಮೇಡಂ ಗಡಿಯಾರ ತೋರಿಸುತ್ತಿದ್ದರು. ನಮ್ಮ ನಂತರ ಮೀನುಗಾರರಿಗೆ ಹವಾಮಾನ ಹೇಳಬೇಕಿತ್ತು.

ಆಗ ಹೊಳೆಯಿತು. ಇವರಿಗೆ ತಾವಾಗಿ ನಿಲ್ಲಿಸಿ ಅಭ್ಯಾಸವೇ ಇಲ್ಲ. ತಾಳಮದ್ದಳೆಯಲ್ಲಿ ಹಾಡುವ ಭಾಗವತರು ಮುಂದಿನ ಪದ್ಯ ಎತ್ತಿಕೊಂಡರೆ ಅರ್ಥಧಾರಿ ಸುಮ್ಮನಾಗಬೇಕು. ಇಲ್ಲಿ ಭಾಗವತರಾದರೂ ಎಲ್ಲಿದ್ದಾರೆ? ನನ್ನ ಗಂಟಲಲ್ಲಿ ಆರೇಳು ಭಾಗವತರು ತಯಾರಾಗಿ ಕೂತಿದ್ದರು, ಆದರೆ ಷರತ್ತು. ಕಣ್ಣು ಮುಚ್ಚಿ, ಸ್ಟೀಲ್ ಲೋಟಕ್ಕೆ ಪೆನ್ನು ಬಡಿದು, ಸ್ವಂತ ಸ್ವರದಲ್ಲಿ ಎತ್ತಿದೆ: “ಹೊತ್ತು ಮುಳುಗಿತು ಕೇಳು ಮಾರಾಯ...”

ಅವರು ಪದದ ನಡುವೆಯೇ ಮಾತು ನಿಲ್ಲಿಸಿದರು. ಒರಗಿ ಕೂತು ನೀರು ಕುಡಿದರು. ನಾನು ವಂದನೆ ಹೇಳಿ ಮುಗಿಸಿದೆ.

ಹೊರಗೆ ಬಂದರೆ ಮೇಡಂ ಕೈಯಲ್ಲಿ ಫೋನು. ಹೆಮ್ಮಾಡಿಯ ಕೇಳುಗರೊಬ್ಬರ ದೂರು: ಗಂಟಲು ಕೆಟ್ಟು ಮಲಗಿರುವ ನಮ್ಮೂರ ಭಾಗವತರನ್ನು ಈ ಹುಡುಗ ಅಣಕಿಸಿದ್ದಾನೆ.

“ಯಾರ್ ಸ್ವರ ಅದ್?” ಅಂದರು ಮೇಡಂ.

“ನಂದೇ.”

“ಸುಳ್ಳ್ ಹೇಳ್ಬೇಡ. ಅಂಥಾ ಸ್ವರ ಯಾರಿಗೂ ಹುಟ್ಟಿನಿಂದ ಬತ್ತಿಲ್ಲೆ.”

ನನ್ನ ಕೆಲಸ ಹೋಯಿತೆಂದೇ ಅಂದುಕೊಂಡೆ. ಚಪ್ಪಲಿ ಹಾಕಿಕೊಳ್ಳುತ್ತಿದ್ದ ಅರ್ಥಧಾರಿಗಳು ಬಂದು ಫೋನು ಇಸಕೊಂಡರು.

“ಹ್ವಾಯ್, ನಾ ಈ ಕಡೆ ಎಲ್ಲಾ ಭಾಗವತ್ರ ಎದ್ರೂ ಕೂತವ. ಅಣಕ್ಸುಕೆ ಒಂದ್ ಮೂಲ ಬೇಕಲ್ದಾ? ಇಷ್ಟ್ ಕೆಟ್ಟದಾಯಿ ಹಾಡುವವ್ರ್ ಎಲ್ಲೂ ಇಲ್ಲೆ. ಇದ್ ಮಾಣಿ ಸ್ವಂತದ್ದೇ. ನಾ ಖಾತ್ರಿ.”

ಫೋನಿನಾಚೆಯವರು ಒಪ್ಪಿದರು. ಮೇಡಂ ನನ್ನನ್ನು ಕನಿಕರದಿಂದ ನೋಡಿದರು.

“ಬಪ್ಪ ವಾರವೂ ನೀನೇ ಮಾಡ್,” ಅಂದರು. “ವಿಷಯ ಮೌನ ಇಟ್ಕಂಬ.”